ಕಬ್ಬಿನ ನಾಡಿನ ಕಾರ್ಬೈಡ್ ಮೊನೆ

ಕಬ್ಬು ಅರೆಯುವ ರೋಲರ್ ಇರಲಿ, ಸೀರೆ ನೇಯುವ ಮಗ್ಗದ ಶಾಫ್ಟ್ ಇರಲಿ, ಸವೆದದ್ದು ಮತ್ತೆ ದುಂಡಗಾಗಬೇಕಾದರೆ ಲೇತ್ ಹತ್ತಲೇಬೇಕು. ಅಲ್ಲಿ ಉಕ್ಕನ್ನು ಹೆರೆಯುವ ಕಾರ್ಬೈಡ್ ಟಿಪ್ಪಿಗೆ ವೇಗ ಬೇಕು, ಬಿಗಿ ಹಿಡಿತ ಬೇಕು, ಧೈರ್ಯದ ಕಟ್ ಬೇಕು. ಅಂಜುತ್ತ ಕೊಟ್ಟ ಕಟ್ಟಿಗೆ ಮೊದಲು ಹಾಳಾಗುವುದು ಅದೇ.

ಕಬ್ಬು ನುರಿಸುವ ಹಂಗಾಮು ಮುಗಿದು ಸಕ್ಕರೆ ಕಾರ್ಖಾನೆಯ ಚಿಮಣಿ ತಣ್ಣಗಾದ ಮೇಲೆ ರೋಲರ್‌ಗಳ ಸರದಿ. ಬೇಸಿಗೆಯಲ್ಲಿ ಕಾದ ತಗಡಿನ ಶೆಡ್ಡು, ಒಳಗೆ ಕೋಣೆಯುದ್ದದ ಲೇತ್. ಅದರ ಮೇಲೆ ಹತ್ತು ಟನ್ ಮೀರಿದ ಬೀಡುಕಬ್ಬಿಣದ ರೋಲರ್ ಮೆಲ್ಲಗೆ ಹೊರಳುತ್ತಿರುತ್ತದೆ. ಮೈತುಂಬ ಬಳೆಯಾಕಾರದ ಹಲ್ಲುಗಳು, ಐದಾರು ತಿಂಗಳು ಕಬ್ಬು ಮತ್ತು ಮಣ್ಣು ತಿಂದು ಮೊಂಡಾದವು. ಟೂಲ್ ತಾಗಿದ ಕಡೆ ಸುರುಳಿ ಏಳುವುದಿಲ್ಲ. ಕಪ್ಪು ಪುಡಿ ಉದುರುತ್ತದೆ. ಬೀಡಿನೊಳಗಿನ ಗ್ರಾಫೈಟ್ ಕೆಲಸಗಾರನ ಮುಂಗೈವರೆಗೂ ಮೆತ್ತಿಕೊಂಡಿರುತ್ತದೆ.

ರೋಲರ್ ತಿರುಗುವುದು ನಿಮಿಷಕ್ಕೆ ಹದಿನೈದೇ ಸುತ್ತು. ನೋಡುವವರಿಗೆ ಬೇಸರ ತರುವಷ್ಟು ನಿಧಾನ. ಆದರೆ ಒಂದು ಮೀಟರ್ ವ್ಯಾಸದ ಮೈ ಹದಿನೈದು ಸುತ್ತು ಸುತ್ತಿದರೆ ಕಾರ್ಬೈಡ್ ಟೂಲಿನ ಮೊನೆಯ ಮುಂದೆ ನಿಮಿಷಕ್ಕೆ 47 ಮೀಟರ್ ಲೋಹ ಸರಿದುಹೋಗುತ್ತದೆ. ಸುತ್ತಿಗೆ ಅರ್ಧ ಮಿಲಿಮೀಟರ್ ಫೀಡ್ ಕೊಟ್ಟು ಎರಡು ಮೀಟರ್ ಉದ್ದವನ್ನು ಒಮ್ಮೆ ಸವರಿ ಮುಗಿಸಲು ಸುಮಾರು ನಾಲ್ಕೂವರೆ ತಾಸು ಬೇಕು. ಕಾರ್ಬೈಡಿಗೂ ಹಿಂದಿನ ಹೈಸ್ಪೀಡ್ ಸ್ಟೀಲ್ ಟೂಲ್ ಬೀಡಿನ ಮೇಲೆ ತಾಳುವುದು ಇದರ ಮೂರನೇ ಒಂದರಷ್ಟು ವೇಗವನ್ನು. ಅಲ್ಲಿಗೆ ಅದೇ ಒಂದು ಸವರಿಗೆ ಹದಿಮೂರು ತಾಸಿಗೂ ಹೆಚ್ಚು, ನಡುವೆ ಟೂಲ್ ಬಿಚ್ಚಿ ಸಾಣೆ ಹಿಡಿಯುವ ಹೊತ್ತು ಬೇರೆ. ಹಂಗಾಮು ಮತ್ತೆ ಶುರುವಾಗುವುದರೊಳಗೆ ಇಡೀ ಮಿಲ್ಲಿನ ರೋಲರ್ ಸಾಲನ್ನು ಸಜ್ಜು ಮಾಡಬೇಕಾದ ಕಾರ್ಖಾನೆಗೆ ಈ ಲೆಕ್ಕ ಸಣ್ಣದಲ್ಲ.

ಮೂರು ಕಸುಬಿಗೆ ಒಂದೇ ಲೇತ್

ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ಈ ಸೀಮೆಯಲ್ಲಿ ಲೇತ್‌ಗೆ ಕೆಲಸದ ಬರ ಇಲ್ಲ. ಸಮೀರವಾಡಿ, ಮುಧೋಳ, ಹಿರೇಪಡಸಲಗಿ, ಸಿದ್ದಾಪುರ, ಬೀಳಗಿ ತಾಲ್ಲೂಕಿನ ಬಾಡಗಂಡಿ ಎಂದು ಸಕ್ಕರೆ ಕಾರ್ಖಾನೆಗಳ ಸಾಲೇ ಇದೆ. ಮಹಾಲಿಂಗಪುರದ ಪೇಟೆಗೆ ಬೆಲ್ಲ ಕಳಿಸುವ ಗಾಣಗಳಿವೆ. ರಬಕವಿ-ಬನಹಟ್ಟಿಯಲ್ಲಿ ಓಣಿ ಓಣಿಯಲ್ಲೂ ಮಗ್ಗದ ಸಪ್ಪಳ. ಇವಲ್ಲದೆ ಹೊಳೆದಂಡೆಯ ಪಂಪ್‌ಸೆಟ್ಟು, ಟ್ರ್ಯಾಕ್ಟರ್, ಕಬ್ಬಿನ ಟ್ರಾಲಿ. ತಿರುಗುವ ಶಾಫ್ಟ್ ಇರುವಲ್ಲೆಲ್ಲ ಬೇರಿಂಗ್ ಕೂರುವ ಜಾಗ ಸವೆಯುತ್ತದೆ. ಸವೆದದ್ದು ಜಮಖಂಡಿಯ ಅಥವಾ ಮುಧೋಳದ ಯಾವುದೋ ವರ್ಕ್‌ಶಾಪಿನ ಬಾಗಿಲಿಗೆ ಬರುತ್ತದೆ. "ಮಿಸ್ತ್ರಿಯಾರ, ಸಂಜೀಗೆ ಬೇಕ್ರಿ" ಎನ್ನದ ಗಿರಾಕಿ ಅಪರೂಪ.

ಸೀಮೆಗೂ ಲೇತ್‌ಗೂ ನಂಟು ಹಳೆಯದು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ ಗುರ್ಲಹೊಸೂರು ಇಲ್ಲಿಂದ ದೂರವೇನಲ್ಲ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು ಮುಂದೆ ನೇಗಿಲು, ಮೇವು ಕತ್ತರಿಸುವ ಯಂತ್ರ, ಕಬ್ಬಿನ ಗಾಣ ಮಾಡಿದರು. ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ 1941ರಿಂದ ಹರಿಹರದಲ್ಲಿ ಲೇತ್‌ಗಳನ್ನೇ ತಯಾರಿಸಿತು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು. ಸಣ್ಣ ಊರುಗಳ ವರ್ಕ್‌ಶಾಪಿಗೆ ಇವುಗಳ ಜೊತೆ ಪಂಜಾಬಿನ ಬಟಾಲಾ, ಗುಜರಾತಿನ ರಾಜಕೋಟ್‌ನ ಅಗ್ಗದ ಬೆಲ್ಟ್ ಲೇತ್‌ಗಳೂ ಸೇರಿಕೊಂಡವು. ಟೂಲಿನ ಕಥೆ ತಿಳಿಯಬೇಕಾದರೆ ಈ ಕೊನೆಯ ವರ್ಗದ ಲೇತ್ ನೆನಪಿನಲ್ಲಿರಬೇಕು. ಕಾರ್ಬೈಡ್ ಕಂಪನಿಗಳ ಕ್ಯಾಟಲಾಗ್ ಅದನ್ನು ನೆನೆದು ಬರೆದದ್ದಲ್ಲ.

ಬಲ್ಬಿನ ತಂತಿಯಿಂದ ಬಂದ ಟೂಲ್

ಹತ್ತೊಂಬತ್ತನೆಯ ಶತಮಾನದ ಟರ್ನರ್ ಬಳಸುತ್ತಿದ್ದುದು ಸಾದಾ ಕಾರ್ಬನ್ ಸ್ಟೀಲ್ ಟೂಲ್. ಕೊಂಚ ಬಿಸಿಯಾದರೂ ಅದರ ಹದ ಇಳಿಯುತ್ತಿತ್ತು. ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಮತ್ತು ಮೌನ್ಸೆಲ್ ವೈಟ್ ಹದಗೊಳಿಸಿದ ಹೈಸ್ಪೀಡ್ ಸ್ಟೀಲನ್ನು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಕಂಡು ಜಗತ್ತು ಬೆರಗಾಯಿತು. ಮೊನೆ ಮಂದವಾಗಿ ಕೆಂಪಾದರೂ ಅದು ಕತ್ತರಿಸುತ್ತಿತ್ತು. ವರ್ಕ್‌ಶಾಪಿನವರು ಎಚ್‌ಎಸ್‌ಎಸ್ ಎನ್ನುವುದು ಇದಕ್ಕೇ. ಅದರ ಗಡಿ ಸುಮಾರು 600 ಡಿಗ್ರಿ ಸೆಲ್ಸಿಯಸ್.

ಕಾರ್ಬೈಡ್ ಹುಟ್ಟಿದ್ದು ಲೇತ್‌ಗಾಗಿ ಅಲ್ಲ, ವಿದ್ಯುತ್ ಬಲ್ಬಿಗಾಗಿ. ಬಲ್ಬಿನ ಟಂಗ್‌ಸ್ಟನ್ ತಂತಿಯನ್ನು ಎಳೆದು ಸಪೂರ ಮಾಡುವ ಅಚ್ಚಿಗೆ ವಜ್ರ ಬೇಕಿತ್ತು, ವಜ್ರ ದುಬಾರಿ. ಜರ್ಮನಿಯ ಓಸ್ರಾಮ್ ಕಂಪನಿಯ ಕಾರ್ಲ್ ಶ್ರೋಟರ್ 1923ರಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಪುಡಿಗೆ ಕೋಬಾಲ್ಟ್ ಬೆರೆಸಿ, ಒತ್ತಿ, ಕಾಯಿಸಿ ಗಟ್ಟಿ ಮಾಡುವ ದಾರಿ ಕಂಡ. ಕ್ರುಪ್ ಕಂಪನಿ ಅದರ ಹಕ್ಕು ಪಡೆದು 1926ರಲ್ಲಿ 'ವಿಡಿಯಾ' ಹೆಸರಿನಲ್ಲಿ ಟೂಲ್ ತಂದಿತು. 1964ರಲ್ಲಿ ವಿಡಿಯಾ ಬೆಂಗಳೂರಿಗೂ ಬಂತು. ತುಮಕೂರು ರಸ್ತೆಯ ಆ ಕಾರ್ಖಾನೆ ಈಗ ಕೆನ್ನಾಮೆಟಲ್ ಹೆಸರಿನಲ್ಲಿದೆ. ಯಾವ ಕಂಪನಿಯ ಕಾರ್ಬೈಡ್ ಆದರೂ ಹಳೆಯ ಟರ್ನರ್‌ಗಳ ಬಾಯಲ್ಲಿ ಇಂದಿಗೂ 'ವಿಡಿಯಾ ಟೂಲೇ'.

ಇದರ ರಚನೆ ಶೇಂಗಾ ಚಿಕ್ಕಿಯದು. ಕಾರ್ಬೈಡಿನ ಕಾಳುಗಳು ಶೇಂಗಾ, ಅವನ್ನು ಹಿಡಿದಿಡುವ ಕೋಬಾಲ್ಟ್ ಬೆಲ್ಲ. ಸವೆತ ತಡೆಯುವುದು ಕಾಳು, ಪೆಟ್ಟು ತಾಳುವುದು ಪಾಕ. ಕೋಬಾಲ್ಟ್ ಹೆಚ್ಚಿದಷ್ಟೂ ಟಿಪ್ ಪೆಟ್ಟು ತಾಳುತ್ತದೆ, ಬೇಗ ಸವೆಯುತ್ತದೆ. ಕಡಿಮೆಯಾದಷ್ಟೂ ಬಾಳಿಕೆ ಹೆಚ್ಚು, ಸಿಡಿಯುವ ಭಯವೂ ಹೆಚ್ಚು. ಲೇತ್ ಟೂಲಿನಲ್ಲಿ ಸಾಮಾನ್ಯವಾಗಿ ತೂಕದ ಶೇ 6ರಿಂದ 10ರಷ್ಟು ಕೋಬಾಲ್ಟ್ ಇರುತ್ತದೆ. ಒತ್ತಿದ ಪುಡಿಯನ್ನು ಸುಮಾರು 1,400 ಡಿಗ್ರಿಗೆ ಕಾಯಿಸಿದಾಗ ಕೋಬಾಲ್ಟ್ ಕರಗಿ ಕಾಳುಗಳ ಸಂದಿಗೆ ಇಳಿಯುತ್ತದೆ. ಹೊರಬರುವ ಚೂರು ಅಷ್ಟೇ ಗಾತ್ರದ ಉಕ್ಕಿಗಿಂತ ಸುಮಾರು ಎರಡು ಪಟ್ಟು ಭಾರ. 900 ಡಿಗ್ರಿಯಲ್ಲೂ ಅದರ ಗಡಸುತನ ಕೆಲಸಕ್ಕೆ ಬರುವಷ್ಟು ಉಳಿದಿರುತ್ತದೆ.

ಮೊದಲ ಕಾರ್ಬೈಡ್ ಬೀಡುಕಬ್ಬಿಣವನ್ನು ಚೆನ್ನಾಗಿ ಕತ್ತರಿಸಿತು, ಉಕ್ಕಿನ ಮುಂದೆ ಸೋತಿತು. ಬಿಸಿ ಉಕ್ಕಿನ ಸುರುಳಿ ಟಿಪ್ಪಿನ ಬೆನ್ನ ಮೇಲೆ ಉಜ್ಜುತ್ತ ಕಾರ್ಬೈಡನ್ನೇ ಕರಗಿಸಿ ಗುಳಿ ತೋಡುತ್ತಿತ್ತು. ಟೈಟಾನಿಯಂ ಮತ್ತು ಟ್ಯಾಂಟಲಂ ಕಾರ್ಬೈಡ್ ಬೆರೆಸಿದ ಮೇಲೆ ಆ ಕಾಟ ತಗ್ಗಿತು. 1969ರಲ್ಲಿ ಸ್ವೀಡನ್ನಿನ ಸ್ಯಾಂಡ್‌ವಿಕ್ ಟಿಪ್ಪಿನ ಮೇಲೆ ಕೆಲವೇ ಮೈಕ್ರಾನ್ ದಪ್ಪದ ಲೇಪ ಕೊಟ್ಟು ಮಾರುಕಟ್ಟೆಗೆ ಬಿಟ್ಟಿತು. ಇಂದಿನ ಚಿನ್ನದ ಬಣ್ಣದ, ಕಪ್ಪು ಬಣ್ಣದ ಟಿಪ್‌ಗಳು ಆ ದಾರಿಯಲ್ಲೇ ಬಂದವು.

ಯಾವ ಲೋಹಕ್ಕೆ ಯಾವ ಟಿಪ್

ಡಬ್ಬಿಯ ಮೇಲಿನ ಬಣ್ಣ ಅರ್ಧ ಕೆಲಸ ಹೇಳಿಬಿಡುತ್ತದೆ. ನೀಲಿ ಬಣ್ಣದ 'ಪಿ' ಉಕ್ಕಿಗೆ, ಹಳದಿಯ 'ಎಂ' ಸ್ಟೇನ್‌ಲೆಸ್‌ಗೆ, ಕೆಂಪಿನ 'ಕೆ' ಬೀಡಿಗೆ. ಅಕ್ಷರದ ಮುಂದಿನ ಅಂಕಿ ಏರಿದಂತೆ ಟಿಪ್ ಪೆಟ್ಟಿಗೆ ಗಟ್ಟಿ, ಸವೆತಕ್ಕೆ ಮೆತ್ತಗೆ. ಪಿ10 ನಯವಾದ ಫಿನಿಶಿಂಗ್‌ಗೆ, ಪಿ30 ಮೇಲ್ಪಟ್ಟದ್ದು ಒರಟು ಕೆಲಸಕ್ಕೆ. ಗಾಣದ ಬೀಡಿನ ರೋಲರ್‌ಗೆ ಕೆ ಟಿಪ್, ಪಂಪಿನ ಇಎನ್-8 ಶಾಫ್ಟಿಗೆ ಪಿ ಟಿಪ್ ಎಂಬುದು ಇಲ್ಲಿನ ದಿನನಿತ್ಯದ ಲೆಕ್ಕ.

ಈ ಸೀಮೆಯ ನಿಜವಾದ ಪರೀಕ್ಷೆ ಮಾತ್ರ ವೆಲ್ಡಿಂಗ್ ತುಂಬಿದ ಜಾಬು, ಅಂದರೆ ಲೇತ್ ಹತ್ತಿದ ವಸ್ತು. ಮಗ್ಗದ ಕ್ರ್ಯಾಂಕ್ ಶಾಫ್ಟಿನಲ್ಲಿ ಬೇರಿಂಗ್ ಕೂರುವ ಜಾಗ ಸವೆದಾಗ ಹೊಸ ಶಾಫ್ಟ್ ಕೊಳ್ಳುವವರು ಕಡಿಮೆ. ವೆಲ್ಡಿಂಗಿನಿಂದ ತುಂಬಿಸಿ ಮತ್ತೆ ಅಳತೆಗೆ ತಿರುಗಿಸುವುದೇ ರೂಢಿ. ತುಂಬಿಸಿದ ಮೈ ಉಬ್ಬುತಗ್ಗು. ಬೇಗ ಆರಿದ ಕಡೆ ಗಡಸು, ಸಂದಿಯಲ್ಲಿ ಕಿಟ್ಟದ ಚೂರು. ಟೂಲಿಗೆ ಸುತ್ತಿಗೊಮ್ಮೆ ಪೆಟ್ಟು. ಎಚ್‌ಎಸ್‌ಎಸ್ ಹಾಕಿದರೆ ಗಡಸು ಜಾಗದಲ್ಲಿ ಮೊನೆ ಉಜ್ಜಿಹೋಗುತ್ತದೆ, ಪಿ10 ಹಾಕಿದರೆ ಸಿಡಿಯುತ್ತದೆ. ಪಿ30 ಅಥವಾ ಪಿ40 ಟಿಪ್ ತೊಡಿಸಿ, ವೇಗ ಇಳಿಸಿ, ಮೊದಲ ಕಟ್ಟನ್ನೇ ಗಡಸು ಪೊರೆಯ ಅಡಿಗೆ ಇಳಿಸುವುದು ಸರಿಯಾದ ಕ್ರಮ. ಪೊರೆಯ ಮೇಲೆ ಸವರಿಕೊಂಡು ಹೋದಷ್ಟೂ ಟಿಪ್‌ಗೆ ಕೇಡು.

ಸಕ್ಕರೆ ಕಾರ್ಖಾನೆಯ ರೋಲರ್‌ನಲ್ಲಿ ಇದೇ ಕಷ್ಟ ದೊಡ್ಡ ಪ್ರಮಾಣದಲ್ಲಿ ಎದುರಾಗುತ್ತದೆ. ನಯವಾದ ಹಲ್ಲಿನ ಮೇಲೆ ಕಬ್ಬು ಜಾರುತ್ತದೆಂದು ಹಂಗಾಮಿನ ಉದ್ದಕ್ಕೂ ಹಲ್ಲಿನ ತುದಿಗೆ ಗಡಸು ವೆಲ್ಡಿಂಗಿನ ಚುಕ್ಕೆಗಳನ್ನು ಇಡುತ್ತಾರೆ. ಬೇಸಿಗೆಯಲ್ಲಿ ಹೊಸ ಹಲ್ಲು ತೆಗೆಯುವ ಮುಂಚೆ ಆ ಚುಕ್ಕೆಗಳು ಹೋಗಬೇಕು. ಅವನ್ನು ಗ್ರೈಂಡರ್ ಹಿಡಿದು ಕೆತ್ತಿ ತೆಗೆಯುವ ತಾಳ್ಮೆ ಇದ್ದಲ್ಲಿ ಟಿಪ್‌ಗಳು ಉಳಿಯುತ್ತವೆ, ಇಲ್ಲದಿದ್ದಲ್ಲಿ ಒಡೆದ ಟಿಪ್ಪಿನ ರಾಶಿ ಬೀಳುತ್ತದೆ.

ಬಾಕ್ಸ್: ಸುತ್ತಿನ ಲೆಕ್ಕ
ಕತ್ತರಿಸುವ ವೇಗವನ್ನು (ನಿಮಿಷಕ್ಕೆ ಮೀಟರ್) 1,000ದಿಂದ ಗುಣಿಸಿ, ಜಾಬಿನ ವ್ಯಾಸದ (ಮಿಲಿಮೀಟರ್) 3.14 ಪಟ್ಟಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಬೇಕೆಂದು ಸಿಗುತ್ತದೆ. 50 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಶಾಫ್ಟನ್ನು ಎಚ್‌ಎಸ್‌ಎಸ್‌ನಲ್ಲಿ 30 ಮೀಟರ್ ವೇಗಕ್ಕೆ ಓಡಿಸಲು 191 ಸುತ್ತು ಸಾಕು. ಕಾರ್ಬೈಡಿಗೆ 120 ಮೀಟರ್ ಕೊಡಲು 764 ಸುತ್ತು ಬೇಕು. ಅದೇ ವೇಗಕ್ಕೆ 10 ಮಿ.ಮೀ. ಪಿನ್ನಾದರೆ 3,800 ಮೀರುತ್ತದೆ. ಹಳೆಯ ಬೆಲ್ಟ್ ಲೇತ್ ಅಷ್ಟು ಓಡುವುದಿಲ್ಲ.

ಮಷಿನ್ನಿನ ಬಲವೇ ಟೂಲಿನ ಬಲ

ಮೇಲಿನ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಎರಡು ಮಿಲಿಮೀಟರ್ ಆಳ, ಸುತ್ತಿಗೆ ಕಾಲು ಮಿಲಿಮೀಟರ್ ಫೀಡ್, ನಿಮಿಷಕ್ಕೆ 120 ಮೀಟರ್ ವೇಗ: ಇಷ್ಟು ಕೊಟ್ಟರೆ ಉಕ್ಕನ್ನು ಕತ್ತರಿಸಲು ಸುಮಾರು ಎರಡು ಕಿಲೋವ್ಯಾಟ್ ಶಕ್ತಿ ಬೇಕು. ಬೆಲ್ಟು, ಗೇರು ತಿನ್ನುವುದನ್ನು ಸೇರಿಸಿದರೆ ಮೂರು ಎಚ್‌ಪಿ ಮೋಟಾರು ಏದುಸಿರು ಬಿಡುತ್ತದೆ. ಅದೇ ಆಳ, ಅದೇ ಫೀಡ್‌ನಲ್ಲಿ ಎಚ್‌ಎಸ್‌ಎಸ್ ಕೇಳುವುದು ಅರ್ಧ ಕಿಲೋವ್ಯಾಟ್. ಒಂದೂವರೆ ಎಚ್‌ಪಿಯ ಹಳೆಯ ಲೇತ್‌ಗೆ ಹೊಸ ಟಿಪ್ ತೊಡಿಸಿದ ಮಾತ್ರಕ್ಕೆ ಕೆಲಸ ನಾಲ್ಕು ಪಟ್ಟು ಆಗದಿರುವುದು ಇದಕ್ಕೇ. ಬೆಲ್ಟ್ ಜಾರುತ್ತದೆ, ಜಾಬು ನಿಲ್ಲುತ್ತದೆ, ಟಿಪ್ ಒಳಗೆ ಸಿಕ್ಕಿಕೊಂಡು ಸಿಡಿಯುತ್ತದೆ.

ಅದುರು ಇನ್ನೊಂದು ಶತ್ರು. ಕಾರ್ಬೈಡ್ ಒತ್ತಡ ತಾಳುತ್ತದೆ, ಬಾಗುವುದನ್ನು ತಾಳುವುದಿಲ್ಲ. ಟೂಲನ್ನು ಟೂಲ್‌ಪೋಸ್ಟಿನಿಂದ ಎರಡು ಪಟ್ಟು ಹೊರಗೆ ಚಾಚಿದರೆ ಅದೇ ಭಾರಕ್ಕೆ ಅದು ಬಾಗುವುದು ಎಂಟು ಪಟ್ಟು. ಆದ್ದರಿಂದ ಟೂಲಿನ ಹಿಡಿಯಾದ ಶಾಂಕು ಎಷ್ಟು ಎತ್ತರವೋ ಹೆಚ್ಚುಕಡಿಮೆ ಅಷ್ಟೇ ಹೊರಚಾಚು. ಕ್ರಾಸ್ ಸ್ಲೈಡನ್ನು ಬಿಗಿಹಿಡಿಯುವ ಗಿಬ್ ಪಟ್ಟಿ ಸಡಿಲವಿರಬಾರದು. ಉದ್ದನೆಯ ಶಾಫ್ಟಿಗೆ ಟೇಲ್‌ಸ್ಟಾಕಿನ ಸೆಂಟರ್ ಕೊಡದೆ ಬರೀ ಚಕ್ಕಿನಲ್ಲಿ ಹಿಡಿದರೆ ಜಾಬು ಕಿರುಚುತ್ತದೆ. ಆ ಕಿರುಚಾಟ ಕೇಳಿದ ಹೊತ್ತಿಗೆ ಮೊನೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಬಿದ್ದಿರುತ್ತದೆ.

ಮೊನೆ ಜಾಬಿನ ಸೆಂಟರಿಗೆ ಸರಿಯಾಗಿ ಕೂರಬೇಕು. ಹ್ಯಾಕ್ಸಾ ಬ್ಲೇಡಿನ ತುಂಡುಗಳನ್ನು ಅಡಿಗಿಟ್ಟು ಎತ್ತರ ಹೊಂದಿಸುವುದು ಇಲ್ಲಿನ ಎಲ್ಲ ವರ್ಕ್‌ಶಾಪುಗಳ ಪದ್ಧತಿ. ಪರೀಕ್ಷೆಗೆ ಆರಿಂಚಿನ ಸ್ಟೀಲ್ ಸ್ಕೇಲ್ ಸಾಕು. ಜಾಬು ನಿಂತಿರುವಾಗ ಸ್ಕೇಲನ್ನು ಜಾಬಿಗೂ ಮೊನೆಗೂ ನಡುವೆ ಹಗುರಾಗಿ ಒತ್ತಿಹಿಡಿಯಬೇಕು. ಅದು ನೆಟ್ಟಗೆ ನಿಂತರೆ ಎತ್ತರ ಸರಿ. ಮೇಲ್ತುದಿ ಕೆಲಸಗಾರನ ಕಡೆ ವಾಲಿದರೆ ಟೂಲ್ ಕೆಳಗಿದೆ, ಆಚೆ ವಾಲಿದರೆ ಮೇಲಿದೆ.

ಅಂಜಿದರೆ ಕೆಡುವ ಕೆಲಸ

ಎಚ್‌ಎಸ್‌ಎಸ್‌ನಲ್ಲಿ ಕೈ ಪಳಗಿದವರು ಕಾರ್ಬೈಡಿಗೆ ಬಂದಾಗ ಮಾಡುವ ಮೊದಲ ತಪ್ಪು ಮೃದುವಾಗಿ ನಡೆಸಿಕೊಳ್ಳುವುದು. ಎಚ್‌ಎಸ್‌ಎಸ್ ಮೊನೆಯನ್ನು ಚೂಪಾಗಿ ಸಾಣೆ ಹಿಡಿಯಬಹುದು. ಅದು ಕೂದಲೆಳೆಯಷ್ಟನ್ನೂ ಹೆರೆಯುತ್ತದೆ. ಕಾರ್ಬೈಡಿನ ಅಂಚನ್ನು ಸಿಡಿಯದಿರಲೆಂದು ತಯಾರಿಕೆಯಲ್ಲೇ ತುಸು ಮೊಂಡು ಮಾಡಿರುತ್ತಾರೆ. ಮೂಗಿನ ದುಂಡು 0.8 ಮಿಲಿಮೀಟರ್ ಇರುವ ಟಿಪ್ಪಿಗೆ 0.05 ಮಿಲಿಮೀಟರ್ ಆಳ ಕೊಟ್ಟರೆ ಅದು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಮೈ ಹರಿದಂತೆ ಕಾಣುತ್ತದೆ, ಅಳತೆಯೂ ಕೈಗೆ ಸಿಗುವುದಿಲ್ಲ. ಕೊನೆಯ ಕಟ್ಟಿಗೆ ಅಳತೆಯಲ್ಲಿ ಸಾಕಷ್ಟು ಉಳಿಸಿಕೊಂಡು ಒಂದೇ ಸಲ ದಿಟ್ಟವಾಗಿ ತೆಗೆಯಬೇಕು. ಹದ ಸರಿಯಿದ್ದಾಗ ಉಕ್ಕಿನ ಚಿಪ್ಸ್ ಗಿಡ್ಡಕ್ಕೆ ಮುರಿದು, 6ರ ಅಂಕಿಯಂತೆ ಸುತ್ತಿಕೊಂಡು, ನೀಲಿ ಬಣ್ಣ ತಿರುಗಿ ಬೀಳುತ್ತದೆ. ಆ ನೀಲಿ ಒಳ್ಳೆಯ ಲಕ್ಷಣ. ಕಾವು ಚಿಪ್ಸ್ ಜೊತೆ ಹೊರಗೆ ಹೋಗುತ್ತಿದೆ, ಜಾಬಿಗೆ ಏರುತ್ತಿಲ್ಲ ಎಂದರ್ಥ.

ನಯಕ್ಕೂ ಒಂದು ಸೂತ್ರವಿದೆ. ಫೀಡಿನ ವರ್ಗವನ್ನು ಮೂಗಿನ ದುಂಡಿನ ಎಂಟು ಪಟ್ಟಿನಿಂದ ಭಾಗಿಸಿದರೆ ಮೈಮೇಲೆ ಉಳಿಯುವ ಗೀರಿನ ಆಳ ಸಿಗುತ್ತದೆ. 0.2 ಫೀಡು, 0.8 ದುಂಡು ಎಂದರೆ ಸುಮಾರು 6 ಮೈಕ್ರಾನ್. ಫೀಡನ್ನು ಅರ್ಧಕ್ಕಿಳಿಸಿದರೆ ಗೀರು ಕಾಲುಭಾಗ. ಹಾಗೆಂದು ದೊಡ್ಡ ದುಂಡಿನ ಟಿಪ್ ಹಾಕಿದರೆ ಸಪೂರ ಜಾಬು ಅದುರತೊಡಗುತ್ತದೆ.

ಕೂಲಂಟ್ ವಿಷಯದಲ್ಲಿ ಹಳೆಯ ಅಭ್ಯಾಸ ನೇರವಾಗಿ ಹಾನಿ ಮಾಡುತ್ತದೆ. ಬ್ರಷ್ಷಿನಿಂದ ಹಚ್ಚುವುದು, ತೂತು ಮಾಡಿದ ಬಾಟಲಿಯಿಂದ ಆಗಾಗ ಚಿಮ್ಮಿಸುವುದು ಎಚ್‌ಎಸ್‌ಎಸ್‌ಗೆ ಹಿತ. ಕೆಂಡದಂತೆ ಕಾದ ಕಾರ್ಬೈಡಿನ ಮೇಲೆ ಹನಿ ಬಿದ್ದರೆ ಅಂಚಿಗೆ ಅಡ್ಡವಾಗಿ ಬಾಚಣಿಗೆ ಹಲ್ಲಿನ ಸಾಲಿನಂಥ ಬಿರುಕು ಮೂಡುತ್ತದೆ. ಧಾರೆ ಕಡಿಯದಂತೆ ತುಂಬಾ ಹರಿಸಬೇಕು, ಇಲ್ಲವೇ ಒಣದಾಗಿಯೇ ಓಡಿಸಬೇಕು. ಪಂಪಿಲ್ಲದ ಲೇತ್‌ಗೆ ಎರಡನೆಯದೇ ದಾರಿ. ಬೀಡಿಗಂತೂ ಸಾಮಾನ್ಯವಾಗಿ ಒಣ ಕಟ್ಟೇ ವಾಸಿ. ಅದರ ಪುಡಿ ನೀರಿನ ಜೊತೆ ಸೇರಿದರೆ ಬೆಡ್ಡನ್ನು ಅರೆಯುವ ಕೆಸರಾಗುತ್ತದೆ.

ಮಷಿನ್ ನಿಲ್ಲಿಸುವ ಮುನ್ನ ಟೂಲನ್ನು ಹಿಂದಕ್ಕೆ ಎಳೆಯುವುದು ಇನ್ನೊಂದು ಕಟ್ಟುನಿಟ್ಟು. ಕಟ್ಟಿನೊಳಗೆ ಇರುವಾಗಲೇ ಜಾಬು ನಿಂತರೆ ಚಿಪ್ಸ್ ಅಂಚಿಗೆ ಬೆಸೆದುಕೊಂಡು, ಬಿಡಿಸುವಾಗ ಚೂರು ಕಿತ್ತುಬರುತ್ತದೆ. ಹೇಳದೆ ಕೇಳದೆ ತ್ರೀಫೇಸ್ ಹೋಗುವ ಊರಿನಲ್ಲಿ ಎಷ್ಟೋ ಟಿಪ್‌ಗಳು ಸಾಯುವುದು ಹೀಗೆಯೇ. ಆಗ ಫೀಡ್ ಬಿಡಿಸಿ, ಚಕ್ಕನ್ನು ಕೈಯಿಂದ ಹಿಂದಕ್ಕೆ ತಿರುಗಿಸದೆ, ಟೂಲನ್ನು ಮೆಲ್ಲಗೆ ಹೊರತೆಗೆಯುವುದು ಉಳಿದ ಉಪಾಯ.

ಬಾಕ್ಸ್: ಸಿಎನ್‌ಎಂಜಿ 120408 ಎಂಬ ಟಿಪ್ ಸಂಕೇತವನ್ನು ಓದುವ ಬಗೆ
'ಸಿ' ಎಂದರೆ 80 ಡಿಗ್ರಿ ಮೂಲೆಯ ಹರಳಾಕಾರ. 'ಎನ್' ಎಂದರೆ ಪಕ್ಕದ ಇಳಿಜಾರು ಸೊನ್ನೆ. 'ಎಂ' ಅಳತೆಯ ನಿಖರತೆಯ ವರ್ಗ. 'ಜಿ' ಎಂದರೆ ನಡುವೆ ತೂತು, ಎರಡೂ ಮೈಗೆ ಚಿಪ್ಸ್ ಮುರಿಯುವ ಕಾಲುವೆ. 12 ಅಂಚಿನ ಉದ್ದ, 04 ಎಂದರೆ 4.76 ಮಿ.ಮೀ. ದಪ್ಪ, 08 ಎಂದರೆ 0.8 ಮಿ.ಮೀ. ಮೂಗಿನ ದುಂಡು. ಇದಕ್ಕೆ ಬಳಸಬಹುದಾದ ಮೂಲೆ ನಾಲ್ಕು. ಮುಮ್ಮೂಲೆಯ ಡಬ್ಲ್ಯುಎನ್‌ಎಂಜಿಗೆ ಆರು.

ಬೆಸುಗೆಯ ಟಿಪ್ಪೋ, ಇನ್ಸರ್ಟೋ?

ಕಾರ್ಬೈಡ್ ಎರಡು ರೂಪದಲ್ಲಿ ಬರುತ್ತದೆ. ಉಕ್ಕಿನ ಶಾಂಕಿಗೆ ಹಿತ್ತಾಳೆ ಅಥವಾ ಬೆಳ್ಳಿ ಬೆಸುಗೆ ಹಾಕಿದ ಟಿಪ್ ಹಳೆಯದು. ಸ್ಕ್ರೂ ಇಲ್ಲವೇ ಕ್ಲ್ಯಾಂಪಿನಿಂದ ಬಿಗಿದು, ಒಂದು ಮೂಲೆ ಸವೆದರೆ ಇನ್ನೊಂದನ್ನು ತಿರುಗಿಸಿಕೊಳ್ಳುವ ಇನ್ಸರ್ಟ್ ಹೊಸದು. ಮೂಲೆ ಬದಲಿಸಿದರೂ ಅಳತೆ ಹೆಚ್ಚು ಕದಲುವುದಿಲ್ಲ. ಒಂದೇ ನಮೂನೆಯ ನೂರಾರು ನಗ ಮಾಡುವ, ಕಂಪ್ಯೂಟರ್ ನಡೆಸುವ ಸಿಎನ್‌ಸಿಗೆ ಇದಕ್ಕಿಂತ ಬೇರೆ ಬೇಡ.

ರಿಪೇರಿ ವರ್ಕ್‌ಶಾಪಿನ ನ್ಯಾಯ ಬೇರೆ. ಇಲ್ಲಿ ಮುಂಜಾನೆ ಗಾಣದ ರೋಲರು, ಮಧ್ಯಾಹ್ನ ಮಗ್ಗದ ಶಾಫ್ಟು, ಸಂಜೆ ಟ್ರ್ಯಾಕ್ಟರಿನ ಬುಶ್ಶು. ಬೆಸುಗೆಯ ಟೂಲನ್ನು ಬೇಕಾದ ಕೋನಕ್ಕೆ ಸಾಣೆ ಹಿಡಿಯಬಹುದು, ಸಿಡಿದರೂ ಮತ್ತೆ ಮೊನೆ ಮಾಡಬಹುದು. ಇದನ್ನು ಹಿಂದುಳಿದ ಪದ್ಧತಿ ಎಂದು ಮೂಗು ಮುರಿಯುವವರು ರಿಪೇರಿ ಕೆಲಸದ ಗೋಜಲು ಕಂಡವರಲ್ಲ. ಇನ್ಸರ್ಟೇ ಬೇಕೆಂದರೆ ಹಗುರ ಲೇತ್‌ಗೆ ಸಿಎನ್‌ಎಂಜಿಯ ಬದಲು ಪಕ್ಕದಲ್ಲಿ ಏಳು ಡಿಗ್ರಿ ಇಳಿಜಾರಿರುವ ಸಿಸಿಎಂಟಿ, ಡಿಸಿಎಂಟಿ ಜಾತಿಯವು ಹೊಂದುತ್ತವೆ. ಅವುಗಳ ಅಂಚು ಚೂಪು, ಒತ್ತಡ ಕಡಿಮೆ. ಮೂಲೆ ಎರಡೇ ಸಿಕ್ಕರೂ ಲೇತ್ ಅದುರದೆ ಓಡುತ್ತದೆ.

ಸಾಣೆಯಲ್ಲೂ ಜಾತಿಭೇದವಿದೆ. ಎಚ್‌ಎಸ್‌ಎಸ್‌ಗೆ ಬಳಸುವ ಮಾಮೂಲಿ ಬೂದು ಕಲ್ಲು ಕಾರ್ಬೈಡನ್ನು ಮುಟ್ಟುವುದಿಲ್ಲ. ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲು ಅಥವಾ ಡೈಮಂಡ್ ವೀಲ್ ಬೇಕು. ಎಚ್‌ಎಸ್‌ಎಸ್ ಟೂಲನ್ನು ಸಾಣೆಯ ನಡುವೆ ನೀರಿಗೆ ಅದ್ದುವ ಚಾಳಿ ಇಲ್ಲಿ ನಡೆಯದು. ಕಾದಾಗ ಕಾರ್ಬೈಡ್ ಹಿಗ್ಗುವುದು ಉಕ್ಕಿನ ಅರ್ಧದಷ್ಟು ಮಾತ್ರ. ಒಮ್ಮೆಲೇ ತಣಿಸಿದರೆ ಬೆಸುಗೆಯ ಬಳಿ ಎಳೆದಾಟ ಹುಟ್ಟಿ ಟಿಪ್ ಸೀಳುತ್ತದೆ.

ಬಾಕ್ಸ್: ಕಣ್ಣು ಮತ್ತು ಪುಪ್ಪುಸ
ಕಾರ್ಬೈಡ್ ಸಾಣೆಯ ಧೂಳಿನಲ್ಲಿ ಕೋಬಾಲ್ಟ್ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದವರ ಪುಪ್ಪುಸ ಗಟ್ಟಿಯಾಗುವ ಕಾಯಿಲೆಯನ್ನು ವೈದ್ಯಶಾಸ್ತ್ರ ಗುರುತಿಸಿದೆ. ಧೂಳು ಹೀರುವ ವ್ಯವಸ್ಥೆ, ಮಾಸ್ಕ್ ಎರಡೂ ಬೇಕು. ಸಿಡಿದ ಟಿಪ್ಪಿನ ಚೂರು ಗುಂಡಿನಂತೆ ಹಾರುತ್ತದೆ, ಕನ್ನಡಕ ಕಡ್ಡಾಯ. ಉದ್ದದ ಸುರುಳಿಯನ್ನು ಕೈಯಿಂದ ಎಳೆಯದೆ ಮಷಿನ್ ನಿಲ್ಲಿಸಿ ಕೊಕ್ಕೆಯಿಂದ ತೆಗೆಯಬೇಕು. ತಿರುಗುವ ಜಾಬಿನ ಬಳಿ ಕೈಗವಸು, ಜೋಲು ತೋಳಿನ ಅಂಗಿ ಎರಡೂ ಅಪಾಯ.

ಎಚ್‌ಎಸ್‌ಎಸ್ ಎಲ್ಲಿ ಗೆಲ್ಲುತ್ತದೆ

ಹಳೆಯ ಲೇತ್‌ನಲ್ಲಿ ಕಟಿಂಗ್-ಆಫ್, ನಿಧಾನ ವೇಗದ ಥ್ರೆಡ್ಡಿಂಗ್, ಸಣ್ಣ ತೂತಿನ ಬೋರಿಂಗ್, ಹಿತ್ತಾಳೆ ಬುಶ್ಶಿನ ನಯಗೆಲಸ ಇವೆಲ್ಲಕ್ಕೂ ಎಚ್‌ಎಸ್‌ಎಸ್ ಇಂದಿಗೂ ಒಳ್ಳೆಯ ಆಯ್ಕೆ. ಕೀವೇ ಇರುವ ಶಾಫ್ಟನ್ನು ನಿಧಾನವಾಗಿ ತಿರುಗಿಸುವಾಗಲೂ ಅದು ಪೆಟ್ಟು ತಾಳುತ್ತದೆ. ಆದರೆ ವೇಗ ಹೆಚ್ಚಿಸಿದರೆ ಅದು ಬೇಗ ಕೈಕೊಡುತ್ತದೆ. ಟೇಲರ್ 1907ರಲ್ಲಿ ಪ್ರಕಟಿಸಿದ ಟೂಲ್ ಆಯುಷ್ಯದ ಸೂತ್ರಕ್ಕೆ ಪಠ್ಯಪುಸ್ತಕದ ಅಂಕಿಗಳನ್ನು ಹಾಕಿ ನೋಡಿದರೆ, ವೇಗ ಶೇ 20 ಏರಿಸಿದಾಗ ಕಾರ್ಬೈಡಿನ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ; ಎಚ್‌ಎಸ್‌ಎಸ್‌ನದು ಕಾಲುಭಾಗಕ್ಕೂ ಕೆಳಗೆ.

ಆಯುಷ್ಯ ಮುಗಿದ ಕಾರ್ಬೈಡಿಗೂ ಬೆಲೆ ಇದೆ. ಎಲ್ಲ ಮೂಲೆ ಸವೆದ ಇನ್ಸರ್ಟನ್ನೂ ಸಾಣೆಗೆ ಸಿಗದಷ್ಟು ಗಿಡ್ಡವಾದ ಟಿಪ್ಪನ್ನೂ ಎಸೆಯುವುದಿಲ್ಲ. ಡಬ್ಬಿಯಲ್ಲಿ ಕೂಡಿಟ್ಟರೆ ಗುಜರಿಯಲ್ಲಿ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಬೆಲೆ ಬರುತ್ತದೆ. ಜಗತ್ತಿನ ಗಣಿಗಳಿಂದ ಬರುವ ಟಂಗ್‌ಸ್ಟನ್ನಿನ ಬಹುಪಾಲು ಚೀನಾದ್ದು. ಭಾರತದಲ್ಲಿ ರಾಜಸ್ಥಾನದ ಡೇಗಾನಾದಲ್ಲಿದ್ದ ಗಣಿ ಮುಚ್ಚಿದೆ. ಕೋಲಾರದ ಚಿನ್ನದ ಗಣಿಯ ತ್ಯಾಜ್ಯದ ದಿಬ್ಬಗಳಲ್ಲಿ ಟಂಗ್‌ಸ್ಟನ್ ಅದಿರಾದ ಷೀಲೈಟ್ ಇರುವುದು ಗೊತ್ತಿದೆ. ಗುಜರಿಯ ಟಿಪ್‌ಗಳನ್ನು ಕರಗಿದ ಸತುವಿನಲ್ಲಿ ಅದ್ದಿದರೆ ಕೋಬಾಲ್ಟಿನ ಹಿಡಿತ ಬಿಡುತ್ತದೆ. ಸತುವನ್ನು ಆವಿಯಾಗಿಸಿ ತೆಗೆದ ಮೇಲೆ ಉಳಿಯುವ ಪುಡಿಯನ್ನು ಮತ್ತೆ ಒತ್ತಿ, ಕಾಯಿಸಿ ಹೊಸ ಟಿಪ್ ಮಾಡುತ್ತಾರೆ.